ಶಿಲ್ಕು

ಬುಸೈತೀನಿನ ಆ ಮನೆಯಲ್ಲಿ ಸ್ಪೀಕರುಗಳು ಆರು.
ಐದು ಮಾತು ಕೇಳುತ್ತವೆ.
ಅಡುಗೆಮನೆಯದು ಮಾತ್ರ ದಿನಾ ರಾತ್ರಿ ಸಾಯುತ್ತದೆ,
ಬೆಳಗಿನ ಬಾಂಗಿನ ಹೊತ್ತಿಗೆ ಎದ್ದು
ತಾನೇ ತಾನಾಗಿ ಸಲಾಂ ಹೇಳುತ್ತದೆ.
"ಜಿನ್ನು ಹೊಕ್ಕಿದೆಯೇನೋ ನೋಡಪ್ಪಾ" ಎಂದು
ಉಮ್ಮ್ ಜಾಸಿಮ್ ನಕ್ಕರು,
ಅರ್ಧ ಮಾತ್ರ ತಮಾಷೆಗೆ.

ರೌಟರ್ ನೋಡಿದೆ. ಚಾನೆಲ್ ಬದಲಿಸಿದೆ.
ಫ್ರಿಜ್ಜಿನ ಬೆನ್ನಿಂದ ಒಂದು ಗೇಣು ದೂರ ಸರಿಸಿದೆ.
ಸಿಗ್ನಲ್ಲಿಗೆ ಏನೂ ಧಾಡಿಯಿಲ್ಲ.
ಪರೀಕ್ಷೆಗೆಂದು ಇಂಗ್ಲಿಷಿನಲ್ಲಿ ವೆದರ್ ಕೇಳಿದರೆ
ನನ್ನ ಬ್ಯಾಡಗಿ ನಾಲಿಗೆ ಅದಕ್ಕೆ ಹತ್ತದೆ
ಸಾಮಾನು ಪಟ್ಟಿಗೆ ಎರಡು ಬೆಣ್ಣೆ ಸೇರಿಸಿತು.

ಕೊನೆಗೆ ಗುಂಡಿಯನ್ನು ಹತ್ತು ಎಣಿಸುವ ತನಕ ಒತ್ತಿ ಹಿಡಿದು
ಲಾಗ್ ಇಳಿಸಿಕೊಂಡೆ:
ಹದಿನಾಲ್ಕು ದಿನ, ನಲವತ್ತು ಸಾವಿರ ಸಾಲು.

ಅಪ್ಪ ಮೆಣಸಿನಕಾಯಿ ದಲಾಲಿ ಅಂಗಡಿಯಲ್ಲಿ
ಘಾಟಿಗೆ ಕೆಮ್ಮುತ್ತ ಕೆಮ್ಮುತ್ತ ಕಿರ್ದಿ ಬರೆಯುತ್ತಿದ್ದ.
ಬಂದ ಚೀಲ, ಹೋದ ಚೀಲ, ಹಮಾಲಿಯ ಚಿಲ್ಲರೆ;
ರಾತ್ರಿ ಶಿಲ್ಕು ಹೊಂದದಿದ್ದರೆ ಊಟವಿಲ್ಲ.
"ಕಿರ್ದಿ ಸುಳ್ಳು ಹೇಳೂದಿಲ್ಲ ತಮ್ಮಾ,
ಓದಾಂವ ಹೇಳ್ತಾನ."

೨೩:೧೨:೦೭, ಎಲ್ಲ ಕ್ಷೇಮ.
ಆಮೇಲೆ ಸಾಲೇ ಇಲ್ಲ.
೦೪:೫೮:೪೧, ಎದ್ದೆ. ಕಾರಣ: ಕರೆಂಟು.
ಮರುದಿನ ೨೩:೧೦. ಮರುದಿನ ೨೩:೧೫.
ಬೀದಿಗೆಲ್ಲ ಹೋದದ್ದಲ್ಲ,
ಪಕ್ಕದ ಮಜ್ಲಿಸಿನದು ಇಡೀ ರಾತ್ರಿ ಎಚ್ಚರವಿದೆ.
ಶುಕ್ರವಾರ ಮಾತ್ರ ಬೇಗ, ಒಂಬತ್ತೂವರೆಗೇ.

ಯಂತ್ರಕ್ಕೆ ಶುಕ್ರವಾರ ಗೊತ್ತಿರುವುದಿಲ್ಲ.
ಕೈಗೆ ಗೊತ್ತಿರುತ್ತದೆ.

ತಲೆಯೆತ್ತಿದೆ. ಶ್ರೀಯಾನಿ ಸಾಫಿ ಮೀನು ಹೆರೆಯುತ್ತಿದ್ದಳು.
ಸ್ಪೀಕರಿನ ಪ್ಲಗ್ಗಿನ ಕೆಳಗೆ, ಅಕ್ಕಿ ಡಬ್ಬದ ಹಿಂದೆ
ವಯರಿಗೆ ನೂಲು ಸುತ್ತಿದ ಒಂದು ಚಾರ್ಜರು.
ಓವನ್ನು ಕೆಟಲ್ಲು ಫ್ರಿಜ್ಜು ಬಿಟ್ಟರೆ
ಆ ಗೋಡೆಗೆ ಸಾಕೆಟ್ಟು ಅದೊಂದೇ.
ಬಾದುಲ್ಲದಲ್ಲಿ ಆಗ ರಾತ್ರಿ ಎರಡರ ಹತ್ತಿರ.
ಅಷ್ಟು ಹೊತ್ತಲ್ಲಿ ಯಾರು ಎದ್ದಿರುತ್ತಾರೆಂದು ನಾನು ಕೇಳಲಿಲ್ಲ.
ಚಾಕು ನಿಂತಿತ್ತು.
"ಬರೆಯುತ್ತೀರಾ ಸರ್?"

ಬರೆದೆ. ದೋಷ: ಅಡಾಪ್ಟರ್ ಸಡಿಲ.
ಪರಿಹಾರ: ಮಲ್ಟಿಪ್ಲಗ್ ಒಂದು, ಒಂದು ದಿನಾರ್ ಇನ್ನೂರು ಫಿಲ್ಸ್.
ಸ್ಥಿತಿ: ಸರಿಯಾಗಿದೆ.
ಉಮ್ಮ್ ಜಾಸಿಮ್ ಸಹಿ ಹಾಕಿ ಏಲಕ್ಕಿಯ ಗಹ್ವಾ ಕೊಟ್ಟರು.
ಸೇತುವೆ ದಾಟಿ ಮನಾಮಕ್ಕೆ ಬರುವಾಗ
ಪುಣ್ಯ ಕಟ್ಟಿಕೊಂಡವನ ಹಾಗೆ ಸೀಟಿ ಹೊಡೆದೆ.

ಎಂಟು ದಿನ ಬಿಟ್ಟು ಆಫೀಸಿನಿಂದಲೇ ಇಣುಕಿದೆ.
ಈಗ ಅದು ಸಾಯುವುದಿಲ್ಲ. ರಾತ್ರಿಯಿಡೀ ಹಸಿರು.
೨೩:೧೯, ಯಾರೋ ಕರೆದಂತಾಯಿತು. ಭಾಷೆ: ಗೊತ್ತಿಲ್ಲ.
೨೩:೨೪, ಮತ್ತೆ ಕರೆದಂತಾಯಿತು. ಆಲಿಸಿದೆ, ಒಂಬತ್ತು ಸೆಕೆಂಡು.
೨೩:೩೧, ತಿಳಿಯಲಿಲ್ಲ, ಇನ್ನೊಮ್ಮೆ ಹೇಳಿ ಎಂದೆ.
ಅಲ್ಲಿಂದ ಮುಂದೆ ಯಾರೂ ಏನೂ ಹೇಳಿಲ್ಲ.
ಮರುದಿನವೂ.
ಅದರ ಮರುದಿನವೂ.

ಸಾಕೆಟ್ಟು ಒಂದೇ ಎಂದು ಕೀಳುತ್ತಿದ್ದಳೋ,
ಅದಕ್ಕೆ ಕಿವಿ ಇದೆ ಎಂದು ಕೀಳುತ್ತಿದ್ದಳೋ,
ನಲವತ್ತು ಸಾವಿರ ಸಾಲು ಓದಿದವನಿಗೆ ಹೊಳೆಯಲಿಲ್ಲ.

ಕಿರ್ದಿಯಲ್ಲಿ ಅಳಿಸುವಂತಿಲ್ಲ.
ತಪ್ಪಿದ್ದರ ಮೇಲೆ ಒಂದೇ ಗೆರೆ,
ಕೆಳಗಿನದು ಓದಲು ಬರಬೇಕು,
ಪಕ್ಕದಲ್ಲಿ ಸಣ್ಣ ಸಹಿ.

'ಸರಿಯಾಗಿದೆ' ಎಂಬುದರ ಮೇಲೆ ಗೆರೆ ಎಳೆದಿದ್ದೇನೆ.
ನಾಳೆ ಹೋಗಲು ಏನಾದರೂ ನೆಪ ಬೇಕು,
ಫ್ರಿಜ್ಜಿನ ಶಾಖ, ಹೊಸ ಅಪ್‌ಡೇಟು, ಎಂಥದೋ ಒಂದು.
ಅದರ ನೆತ್ತಿಯ ಮೇಲಿನ ಗುಂಡಿಯನ್ನು ಅವಳಿಗೆ ತೋರಿಸಬೇಕು:
ಒತ್ತಿದರೆ ಕೆಂಪು. ಕೆಂಪಿದ್ದರೆ ಕಿವುಡು.

ನಂಬದಿದ್ದರೆ
ಕಿತ್ತೇ ಇಡಲಿ.
ಮತ್ತೆ ದೂರು ಬರುತ್ತದೆ,
ಮತ್ತೆ ಹೋಗಿ
ರೌಟರ್ ನೋಡುತ್ತೇನೆ.